ಅಳತಿ ಪುಸ್ತಕ

ಹದಿನೆಂಟು ಪಟ್ಟಿ, ಗುಲಾಬಿ ಸಾಟಿನ್,
ಒಂದಕ್ಕ ನಲವತ್ತು ರೂಪಾಯಿ, ರವಿವಾರದೊಳಗ ಬೇಕು
ಅಂತ ಮಹಿಳಾ ಮಂಡಳದವರು ಹೇಳಿಹೋದರು.
ಜರಿ ದಾರದಲೆ ಮ್ಯಾಲ ‘ಸಾಠಿ ಸುಂದರಿ’, ಕೆಳಗ ನಂಬರು.
ಮರಾಠಿ ಅಕ್ಷರ. ಓದಾಕ ಬರ್ತದ ನನಗ,
ಹೊಲಿಯೂ ಮುಂದ ಮಾತ್ರ ಕೈ ತಾನಾಗೇ
ಕನ್ನಡದ ತಲಕಟ್ಟು ಎಳೀತದ. ಎರಡು ಸಲ ಬಿಚ್ಚಿದೆ.

ಅರವತ್ತು ತುಂಬಿದವರಿಗೆ ಮಾತ್ರ ಅಂತ.
ನನಗ ಐವತ್ತೆಂಟು.
ಭಾಳ ವರ್ಷದ ಮ್ಯಾಲ ಒಬ್ಬರು ನನಗ
‘ನೀ ಇನ್ನಾ ಸಣ್ಣಾಕಿ, ಆಚೆ ನಿಲ್ಲು’ ಅಂದರು.

ಬಾಳಿವೇಸಿನ ಸುಗಲಾಬಾಯಿ ಅಳತಿ ಕೊಡಾಕ ಬಂದಳು.
ಪಟ್ಟಿಗ್ಯಾಕ ಅಳತಿ, ಅಂದೆ.
‘ಪಟ್ಟಿಗಲ್ಲ, ನನಗ’ ಅಂದಳು.
ಅಕ್ಕಲಕೋಟ ರಸ್ತೆದ ಟಾವೆಲ್ ಕಾರಖಾನಿಯೊಳಗ
ಮೂವತ್ತೊಂದು ವರ್ಷ ಗಂಟು ಹೊತ್ತ ಎಡಹೆಗಲು
ಬಲದಕ್ಕಿಂತ ಒಂದೂವರಿ ಇಂಚು ಕೆಳಗ.
ಪಟ್ಟಿ ಜಾರ್ತದ, ಬಲಕ್ಕ ಹಾಕ್ಕೊ, ಅಂದೆ.
‘ಬ್ಯಾಡ. ದುಡಿದದ್ದು ಇದು.’
ಒಳಗೊಂದು ಹುಕ್ಕು ಇಟ್ಟೆ. ಅದಕ್ಕ ರೊಕ್ಕ ಹಿಡೀಲಿಲ್ಲ.

ವಯಸ್ಸಿನ ದಾಖಲೆ ಕೇಳಿದರು ಬಾಗಿಲಾಗ.
ಹದಿನೆಂಟರಾಗ ಹನ್ನೊಂದು ಮಂದಿ
ಆಧಾರ್ ಕಾರ್ಡಿನಾಗ ಹುಟ್ಟಿದ್ದು ಜನವರಿ ಒಂದಕ್ಕ.
ಅವತ್ತು ಸೊಲ್ಲಾಪುರದ ಸೂಲಗಿತ್ತಿಯರು
ನೀರು ಕುಡಿಯಾಕೂ ಕೂತಿರಲಿಕ್ಕಿಲ್ಲ.
ಮಾಸ್ತರಕಿ ಮಾಡಿದ ಪದ್ಮಲಾ ಬಾಯಿ
ಗಂಡನಿಂದಲೂ ಮುಚ್ಚಿಟ್ಟಿದ್ದ ನಾಕು ವರ್ಷ
ಮೇಜಿನ ಮ್ಯಾಲ ಎಣಿಸಿ ಇಟ್ಟಳು.

ಮಂಗಲ ಕಾರ್ಯಾಲಯ. ನಿನ್ನಿನ ಮದುವಿ ಕಮಾನು
ಇನ್ನಾ ಬಿಚ್ಚಿರಲಿಲ್ಲ. ಅದರ ಕೆಳಗಿಂದನ ಬಂದರು.
ಒಬ್ಬಾಕಿ ಬಡಿಗಿಗೆ ಹಸಿರು ಬಳಿ ಏರಿಸಿದ್ದಳು.
ಒಬ್ಬಾಕಿ ಹಲ್ಲಿನ ಸೆಟ್ಟು ಮನ್ಯಾಗ ಮರೆತು
ತೆರದ ಬಾಯಿಲೆ ನಕ್ಕಳು, ಯಾರಿಗೇನು.
ನಮ್ಮ ಸುಗಲಾ, ಒಂಬತ್ತನೇ ನಂಬರು,
ಓಣ್ಯಾಗ ‘ನಳ ಬಂತು’ ಅಂತ ಯಾರೋ ಒದರಿದಂಗ ನಡೆದಳು.
ಹುಕ್ಕು ಹಿಡೀತು.

ಮೈಕಿನ ಹುಡುಗಿ ಕೇಳಿತು, ಮರಾಠಿಯೊಳಗ:
‘ಆಜಿ, ಹಿಂದಕ್ಕ ಹೋಗಾಕ ಬಂದ್ರ ಯಾವ ವಯಸ್ಸಿಗೆ ಹೋಗ್ತೀರಿ?’
ಸುಗಲಾ ಮೈಕು ಇಸಗೊಂಡು ಕನ್ನಡದಾಗ ಅಂದಳು:
‘ಹಿಂದಕ್ಕ ಯಾಕ ಹೋಗಲೆವ್ವಾ?
ಅಲ್ಲೆ ನಮ್ಮತ್ತಿ ಕೂತಾಳ.’

ಹುಡುಗಿಗೆ ತಿಳೀಲಿಲ್ಲ.
ಮೂರನೇ ಸಾಲಿನಾಕಿ ಮರಾಠಿಗೆ ತಿರುವಿದಳು,
ಹಿಂದ ಪಂಖಾದ ಕೆಳಗ ಯಾರೋ ತೆಲುಗಿಗೆ.
ನಗು ಮೂರು ಸಲ ಬಂತು, ಒಂದರ ಬೆನ್ನಿಗೊಂದು,
ಅತ್ತಿಯಂದಿರದೇ ಎಲ್ಲಾರಿಗಿಂತ ಜೋರು.

ಕಿರೀಟ ಪದ್ಮಲಾ ಬಾಯಿಗೆ ಹೋತು.
ಸುಗಲಾಗ ಒಂದು ಕುಕ್ಕರು, ರಬ್ಬರು ಇಲ್ಲದ್ದು.
ಆಟೋದಾಗ ಅದನ್ನ ತೊಡಿ ಮ್ಯಾಲ ಇಟ್ಟಗೊಂಡು
ಪಟ್ಟಿ ಬಿಚ್ಚಲಾರದನ ಮನಿಗೆ ಹೋದಳು.

ಮರುದಿನ ಬಂದಳು. ರಿಪೇರಿ ಏನೂ ಇರಲಿಲ್ಲ.
ನನ್ನ ಅಳತಿ ಪುಸ್ತಕ ತಿರುವಿ ಹಾಕಿ, ಕೇಳಿದಳು:
‘ಊರ ಹೆಂಗಸರೆಲ್ಲಾ ಅದಾರ, ನಿಂದೆಲ್ಲೆದ?’
ನನ್ನ ಅಳತಿ ಯಾರು ತೊಗೋಬೇಕು?
ಕಣ್ಣಂದಾಜಿನಾಗ ಹೊಲಕೊಂಡು ಉಟ್ಟಾಕಿ ನಾನು.

ಎಬ್ಬಿಸಿ ನಿಂದ್ರಿಸಿದಳು.
ಟೇಪು ಒಂದರಿಂದ ಸುರು, ಅರವತ್ತಕ್ಕ ಮುಗೀತದ,
ಅದರಾಚೆ ಒಂದು ಹಿತ್ತಾಳಿ ತಗಡು, ಅಷ್ಟೆ.
ಆಕಿ ಆ ತಗಡಿನ ತುದಿ ಹಿಡಿದು ನನ್ನ ಹೆಗಲಿಗೆ ಇಟ್ಟು
ಕಡಿಯಿಂದ ಎಳಕೋತ ಬಂದಳು.
ಆ ಹೆಗಲಿನ ತನ ಮುಟ್ಟಿ, ಕಣ್ಣು ಕಿರಿದು ಮಾಡಿ ಓದಿದಳು:
‘ನಲವತ್ತೈದು.’

ಅಷ್ಟು ಹೆಗಲು ಯಾ ಮನಷಾಗೂ ಇರೂದಿಲ್ಲ, ಉಲ್ಟಾ ಹಿಡಿದಿ, ಅಂದೆ.
‘ಬರಕೊ’ ಅಂದಳು.

ಬರಕೊಂಡೆ.